ಕಾಣದ ಪಂದ್ಯದ ಕಂಡ ನೆನಪು: ಮಲ್ಲೇಶ್ವರ, ಬ್ಯಾಡ್ಮಿಂಟನ್ ಮತ್ತು ಟೆಲಿವಿಷನ್

ಹಿಂದಿನ ದಶಕಗಳಲ್ಲಿ ಟೆಲಿವಿಷನ್ನಿನಲ್ಲಿ ಕಂಡ ಆಟಗಳನ್ನು ನೆನೆದು ಹಳಹಳಿಸುವುದು ಇಂದು ಹಲವು ದೇಶಗಳಲ್ಲಿ ಕಂಡುಬರುವ ಪ್ರವೃತ್ತಿ. ಅಮೆರಿಕದಲ್ಲಿ ಬೌಲಿಂಗ್ ಎಂಬ ಆಟವೊಂದುಂಟು. ನಮ್ಮ ಕ್ರಿಕೆಟ್ಟಿನ ಬೌಲಿಂಗಿಗೂ ಅದಕ್ಕೂ ಹೆಸರಿನ ಸಾಮ್ಯವಷ್ಟೆ. ನುಣುಪಾದ ಮರದ ಹಾಸಿನ ಮೇಲೆ ಭಾರವಾದ ಚೆಂಡನ್ನು ಉರುಳಿಸಿ, ತುದಿಯಲ್ಲಿ ನಿಲ್ಲಿಸಿದ ಹತ್ತು ಗೂಟಗಳನ್ನು ಕೆಡಹುವುದು ಅದರ ಕ್ರಮ. ಈ ಆಟವನ್ನೇ ವೃತ್ತಿಯಾಗಿ ಕೈಕೊಂಡವರ ಸಂಘವು 1958ರಲ್ಲಿ ಸ್ಥಾಪಿತವಾಯಿತು. ಅವರ ಪಂದ್ಯಗಳನ್ನು ಎ.ಬಿ.ಸಿ. ಎಂಬ ಪ್ರಸಾರ ಸಂಸ್ಥೆಯು 1962ರಿಂದ 1997ರವರೆಗೆ, ಬಹುಮಟ್ಟಿಗೆ ಶನಿವಾರದ ಮಧ್ಯಾಹ್ನಗಳಲ್ಲಿ, ತೋರಿಸುತ್ತಿತ್ತು. ಆ ಮಧ್ಯಾಹ್ನಗಳನ್ನೂ ವಿವರಣೆಕಾರ ಕ್ರಿಸ್ ಶೆಂಕೆಲರ ಧ್ವನಿಯನ್ನೂ ನೆನೆದು ಮರುಗುವವರು ಅಲ್ಲಿ ಈಗಲೂ ಇದ್ದಾರೆ. ಆ ಮರುಕಕ್ಕೆ ಆಧಾರವಾದ ವಸ್ತುವೊಂದು ನಿಜವಾಗಿಯೂ ಇದ್ದಿತು, ಮೂವತ್ತೈದು ವರ್ಷ ಅದು ಮನೆಮನೆಗಳಲ್ಲಿ ಕಾಣಿಸಿತು, ಆಮೇಲೆ ನಿಂತಿತು. ಚರಿತ್ರಕಾರನಿಗೆ ಇದರಲ್ಲಿ ವಿಶೇಷವಾದ ತೊಡಕೇನೂ ಇಲ್ಲ. ತೊಡಕಿರುವುದು ನಮ್ಮ ಬೆಂಗಳೂರಿನ ಮಲ್ಲೇಶ್ವರಂ ಬಡಾವಣೆಯಲ್ಲಿ ಪ್ರಚಲಿತವಾಗಿರುವ ಅಂಥದೇ ಒಂದು ಹಂಬಲದಲ್ಲಿ.

ಮಲ್ಲೇಶ್ವರದ ಹಿರಿಯರೊಡನೆ ಹಳೆಯ ದಿನಗಳ ಮಾತಿಗೆ ಕುಳಿತರೆ, ಮಾತು ಸಂಪಿಗೆ ರಸ್ತೆಯನ್ನೂ ಕಾಡುಮಲ್ಲೇಶ್ವರನ ಗುಡಿಯನ್ನೂ ದಾಟಿ ಬಹು ಬೇಗನೆ ಶ್ರೀ ಪ್ರಕಾಶ ಪಡುಕೋಣೆಯವರ ಹೆಸರಿಗೆ ಬಂದು ನಿಲ್ಲುತ್ತದೆ. "ಆವತ್ತು ಫೈನಲ್ ಮ್ಯಾಚನ್ನು ಪಕ್ಕದ ಮನೆಯ ಟೀವಿಯಲ್ಲಿ ಎಲ್ಲರೂ ಕೂತು ನೋಡಿದೆವು" ಎಂಬ ಅರ್ಥದ ಮಾತನ್ನು ನಾವು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇವೆ. ಹೇಳುವವರು ಸತ್ಯಸಂಧರು, ಉತ್ಪ್ರೇಕ್ಷೆಯಿಂದ ಅವರಿಗಾಗಬೇಕಾದ ಲಾಭವೂ ಇಲ್ಲ. ಆದರೂ ಆ ಮಾತು ನಿಜವಾಗಿರುವುದು ಸಾಧ್ಯವಿಲ್ಲ. ಅದೇಕೆ ಸಾಧ್ಯವಿಲ್ಲ, ಸಾಧ್ಯವಿಲ್ಲದ ನೆನಪು ಹೇಗೆ ಹುಟ್ಟಿತು, ಅದರ ಕೆಳಗೆ ಹುದುಗಿಹೋದುದೇನು ಎಂಬ ಮೂರು ಸಂಗತಿಗಳನ್ನು ನಾವಿಲ್ಲಿ ಪರಿಶೀಲಿಸುತ್ತೇವೆ. ಕಡೆಯದೇ ನಮಗೆ ಮುಖ್ಯವೆಂದು ತೋರುತ್ತದೆ.

ಮೊದಲು ಪಂದ್ಯದ ವಿಚಾರ. 1980ರ ಮಾರ್ಚ್ 23ರಂದು ಲಂಡನ್ನಿನ ವೆಂಬ್ಲಿಯಲ್ಲಿ ಶ್ರೀ ಪ್ರಕಾಶರು ಇಂಡೊನೇಷ್ಯದ ಲಿಯೆಮ್ ಸ್ವೀ ಕಿಂಗರನ್ನು 15-3, 15-10 ಅಂಕಗಳಿಂದ ಸೋಲಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದರು. ಕಿಂಗರು 1978 ಮತ್ತು 1979ರಲ್ಲಿ ಅದೇ ಪ್ರಶಸ್ತಿಯನ್ನು ಗೆದ್ದಿದ್ದವರು. 1981ರಲ್ಲಿ ಪ್ರಕಾಶರನ್ನೇ ಸೋಲಿಸಿ ಅದನ್ನು ಮರಳಿ ಪಡೆದವರು. ಇಂದಿನ ವಿದ್ಯಾರ್ಥಿಗಳಿಗೆ 15-3 ಎಂಬ ಅಂಕದ ತೂಕ ತಿಳಿಯಲಾರದು. 2006ರಲ್ಲಿ 21 ಅಂಕಗಳ ಈಗಿನ ಪದ್ಧತಿ ಬರುವವರೆಗೆ ಸರ್ವ್ ಮಾಡಿದವನಿಗೆ ಮಾತ್ರ ಅಂಕ ದೊರೆಯುತ್ತಿತ್ತು. ಎದುರಾಳಿ ಗೆದ್ದರೆ ಸರ್ವ್ ಅವನ ಕೈಗೆ ಹೋಗುತ್ತಿತ್ತೇ ಹೊರತು ಅಂಕ ಏರುತ್ತಿರಲಿಲ್ಲ. ಎರಡು ವರ್ಷ ಒಂದೇ ಸಮನೆ ಗೆದ್ದವನನ್ನು ಇಂಥ ಪದ್ಧತಿಯಲ್ಲಿ ಮೂರು ಅಂಕಗಳಿಗೆ ತಡೆದು ನಿಲ್ಲಿಸಿದುದು ಸಾಮಾನ್ಯ ಸಾಧನೆಯಲ್ಲ. ಅದಕ್ಕೆ ಮೊದಲು 1947ರಲ್ಲಿ ಪ್ರಕಾಶನಾಥರು ಅಂತಿಮ ಪಂದ್ಯವನ್ನು ತಲಪಿ ಸೋತಿದ್ದರು. ಗೆದ್ದ ಭಾರತೀಯರಲ್ಲಿ ನಮ್ಮ ಪ್ರಕಾಶರೇ ಮೊದಲಿಗರು. ಎರಡನೆಯವರಾದ ಪುಲ್ಲೇಲ ಗೋಪಿಚಂದರು ಗೆದ್ದುದು 2001ರಲ್ಲಿ.

ಇನ್ನು ಟೆಲಿವಿಷನ್ನಿನ ಕಾಲಗಣನೆ. ದಿಲ್ಲಿಯಲ್ಲಿ ಪ್ರಾಯೋಗಿಕ ಪ್ರಸಾರವು ಆರಂಭವಾದುದು 1959ರ ಸೆಪ್ಟೆಂಬರ್ 15ರಂದು. ಮುಂಬಯಿಗೆ ಅದು 1972ರಲ್ಲಿಯೂ, ಕಲ್ಕತ್ತ ಮತ್ತು ಮದರಾಸುಗಳಿಗೆ 1975ರಲ್ಲಿಯೂ ಬಂದಿತು. ಬೆಂಗಳೂರಿನ ಕೇಂದ್ರವು ಕೆಲಸವನ್ನಾರಂಭಿಸಿದುದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಎಂದರೆ, ವೆಂಬ್ಲಿಯ ಪಂದ್ಯವು ಮುಗಿದು ಒಂದು ವರ್ಷ ಏಳು ತಿಂಗಳುಗಳಾದ ಮೇಲೆ. ಆ ಮಾರ್ಚ್ ತಿಂಗಳಿನಲ್ಲಿ ದಿಲ್ಲಿಯವರು ಏನನ್ನು ಕಂಡಿರಲಿ, ಕಾಣದಿರಲಿ, ಮಲ್ಲೇಶ್ವರದಲ್ಲಿ ಕಾಣುವುದಕ್ಕೆ ಏನೂ ಇರಲಿಲ್ಲ.

ಇಲ್ಲೊಂದು ವಿಚಿತ್ರವನ್ನು ಹೇಳದೆ ಮುಂದುವರಿಯಲಾಗದು. ಕರ್ನಾಟಕದಲ್ಲಿ ಟೆಲಿವಿಷನ್ನನ್ನು ಮೊದಲು ಕಂಡವರು ರಾಜಧಾನಿಯವರಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ, ಅಮೆರಿಕದ ಒಂದು ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶಿಕ್ಷಣದ ಮತ್ತು ಬೇಸಾಯದ ಕಾರ್ಯಕ್ರಮಗಳನ್ನು ತಲಪಿಸುವ ಪ್ರಯೋಗವೊಂದು ನಡೆಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ದ ಹಳ್ಳಿಗಳು ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳವು. ತರುವಾಯ 1977ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರ ಕೇಂದ್ರವೂ ಸ್ಥಾಪಿತವಾಯಿತು. ಮಲ್ಲೇಶ್ವರದ ವಿದ್ಯಾವಂತ ಗೃಹಸ್ಥನೊಬ್ಬನು ಟೆಲಿವಿಷನ್ನಿನ ಮುಂದೆ ಕೂರುವುದಕ್ಕೆ ಆರು ವರ್ಷ ಮೊದಲೇ ರಾಯಚೂರು ಜಿಲ್ಲೆಯ ರೈತನು ಊರ ನಡುವೆ ಇಟ್ಟ ಪೆಟ್ಟಿಗೆಯ ಮುಂದೆ ಕುಳಿತಿದ್ದನು. ಬೆಂಗಳೂರಿಗೆ ಎಲ್ಲವೂ ಮೊದಲು ಬಂದಿತೆಂದು ಭಾವಿಸುವ ನಮ್ಮ ನಗರದ ಅಭ್ಯಾಸಕ್ಕೆ ಈ ಸಂಗತಿಯು ಒಳ್ಳೆಯ ಮದ್ದು.

ಮದರಾಸಿನ ಕೇಂದ್ರದ ಚಿತ್ರವು ಎತ್ತರದ ಆಂಟೆನಾದ ಮೂಲಕ ಬೆಂಗಳೂರಿಗೆ ದೊರೆಯುತ್ತಿದ್ದಿರಬಹುದಲ್ಲವೆ ಎಂದು ಕೆಲವರು ಕೇಳುವುದುಂಟು. ಟೆಲಿವಿಷನ್ನಿನ ತರಂಗಗಳು ರೇಡಿಯೋದ ಮಧ್ಯಮ ತರಂಗಗಳಂತೆ ನೆಲವನ್ನನುಸರಿಸಿ ದೂರ ಸಾಗುವುವಲ್ಲ. ಅವು ಬಹುಮಟ್ಟಿಗೆ ದೃಷ್ಟಿಯ ಗೆರೆಯಲ್ಲಿ ನೇರವಾಗಿ ಹೋಗುತ್ತವೆ. ಮುನ್ನೂರು ಕಿಲೋಮೀಟರುಗಳಷ್ಟು ದೂರದಿಂದ, ನಡುವೆ ಘಟ್ಟಗಳನ್ನಿಟ್ಟುಕೊಂಡು, ನಿಯತವಾಗಿ ಚಿತ್ರವನ್ನು ಪಡೆಯುವುದು ಆಗದ ಮಾತು. ವಾತಾವರಣದ ವಿಪರ್ಯಯದಿಂದ ಎಂದೋ ಒಂದು ರಾತ್ರಿ ಮಸುಕು ಚಿತ್ರ ಮೂಡಿತೆಂದೇ ಇಟ್ಟುಕೊಂಡರೂ, ಬೀದಿಯವರೆಲ್ಲ ಕಲೆತು ನೋಡಿದರೆಂಬ ನೆನಪಿಗೆ ಅದು ಆಧಾರವಾಗದು.

ಹಾಗಾದರೆ ನೆನಪು ಎಲ್ಲಿಂದ ಬಂದಿತು? ಇಂಗ್ಲಿಷಿನವರು ನಾಸ್ಟಾಲ್ಜಿಯ ಎನ್ನುವ ಪದವನ್ನು 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿಯು ಬಾಸೆಲ್ ನಗರದಲ್ಲಿ ಸೃಷ್ಟಿಸಿದನು. ಗ್ರೀಕಿನ 'ಮನೆಗೆ ಮರಳುವಿಕೆ' ಮತ್ತು 'ನೋವು' ಎಂಬರ್ಥದ ಎರಡು ಮಾತುಗಳನ್ನು ಬೆಸೆದು, ಪರದೇಶದಲ್ಲಿ ಮನೆಗಾಗಿ ಹಾತೊರೆದು ಕೃಶರಾಗುತ್ತಿದ್ದವರ ಕಾಯಿಲೆಗೆ ಅವನಿಟ್ಟ ಹೆಸರದು. ಆಗ ಅದು ಸ್ಥಳವನ್ನು ಕುರಿತ ಬೇನೆ. ಕಾಲವನ್ನು ಕುರಿತದ್ದಾದುದು ಅನಂತರ. ನಮ್ಮ 'ಹಳಹಳಿಕೆ' ಎಂಬ ಮಾತಿನಲ್ಲಿ ಕಳೆದುಹೋದುದರ ಅಳಲೇ ಮುಖ್ಯ. ನೆನಪಿನ ವಿಷಯದಲ್ಲಿ ನಮಗೆ ಹೆಚ್ಚು ಉಪಯುಕ್ತನಾದವನು ಫ್ರೆಂಚ್ ಸಮಾಜಶಾಸ್ತ್ರಜ್ಞ ಮೋರಿಸ್ ಆಲ್ಬ್ವಾಕ್ಸ್. ಒಬ್ಬನ ನೆನಪು ಅವನೊಬ್ಬನದೇ ಆಗಿರದೆ, ಅವನು ಸೇರಿದ ಕುಟುಂಬ, ನೆರೆಹೊರೆ, ಮತಗಳ ಚೌಕಟ್ಟಿನಲ್ಲಿ ನಿಂತಿರುತ್ತದೆಂದು ಅವನು 1925ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದನು. ಘಟನೆಯೊಂದು ಚೌಕಟ್ಟಿಲ್ಲದೆ ಉಳಿದಾಗ ಮನಸ್ಸು ಅದಕ್ಕೆ ಹತ್ತಿರದ ಚೌಕಟ್ಟೊಂದನ್ನು ಎರವಲು ತರುತ್ತದೆ. ಮಲ್ಲೇಶ್ವರದ ನೆನಪಿಗೆ ಚೌಕಟ್ಟು ದೊರೆತುದು 1983ರಿಂದ ಎಂಬುದು ನಮ್ಮ ಅಭಿಪ್ರಾಯ.

1982ರ ಆಗಸ್ಟ್ 15ರಂದು ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮವೂ ಬಣ್ಣದ ಪ್ರಸಾರವೂ ಆರಂಭವಾದುವು. ಆ ವರ್ಷದ ನವೆಂಬರಿನಲ್ಲಿ ದಿಲ್ಲಿಯಲ್ಲಿ ಏಷ್ಯಾ ಕ್ರೀಡಾಕೂಟವು ನಡೆಯಿತು. 1983ರ ಜೂನ್ 25ರಂದು ಲಾರ್ಡ್ಸ್ ಮೈದಾನದಲ್ಲಿ ಭಾರತವು 183 ಓಟಗಳನ್ನು ಮಾತ್ರ ಗಳಿಸಿ ವೆಸ್ಟ್ ಇಂಡೀಸ್ ತಂಡವನ್ನು 140ಕ್ಕೆ ಉರುಳಿಸಿ ವಿಶ್ವಕಪ್ಪನ್ನು ಗೆದ್ದಾಗ, ಅದನ್ನು ನಮ್ಮ ನಗರದವರು ಟೆಲಿವಿಷನ್ನಿನಲ್ಲಿ ನಿಜವಾಗಿಯೂ ಕಂಡರು. ಪೆಟ್ಟಿಗೆ ಎಲ್ಲರ ಮನೆಯಲ್ಲಿಯೂ ಇರಲಿಲ್ಲ. ಇದ್ದವರ ನಡುಮನೆಗೆ ಇಲ್ಲದವರು ಬಂದು ಚಾಪೆಯ ಮೇಲೆ ಕುಳಿತರು. ಕಿಟಕಿಯ ಸರಳುಗಳ ಆಚೆ ಹುಡುಗರು ನಿಂತರು. ವಠಾರದ ಒಂದು ಮನೆಯ ಪೆಟ್ಟಿಗೆಯು ಇಡೀ ವಠಾರದ್ದಾಯಿತು. ವಾಹಿನಿಯು ಒಂದೇ ಆದುದರಿಂದ ಊರಿಗೆ ಊರೇ ಒಂದೇ ಗಳಿಗೆಯಲ್ಲಿ ಒಂದೇ ಚಿತ್ರವನ್ನು ಕಂಡಿತು. ಆ ತಂಡದಲ್ಲಿ ಕರ್ನಾಟಕದ ರೋಜರ್ ಬಿನ್ನಿಯವರಿದ್ದರು. ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ 18 ವಿಕೆಟ್ಟುಗಳನ್ನು ಪಡೆದವರು ಅವರೇ. ವಿಕೆಟ್ ಹಿಂದೆ ಸೈಯದ್ ಕಿರ್ಮಾನಿಯವರಿದ್ದರು. ಲಂಡನ್ ನಗರ, ಇಂಗ್ಲೆಂಡಿನ ಒಂದು ದೊಡ್ಡ ಪ್ರಶಸ್ತಿ, ಗೆದ್ದವರಲ್ಲಿ ನಮ್ಮ ಊರಿನವರು, ಸಂಜೆಯಿಂದ ಸರಿರಾತ್ರಿಯವರೆಗೆ ನೆರೆಹೊರೆಯ ಕೂಟ: 1980ರ ಗೆಲುವಿಗೆ ಬೇಕಾಗಿದ್ದ ಚೌಕಟ್ಟು ಇಲ್ಲಿ ಸಿದ್ಧವಾಗಿ ದೊರೆಯಿತು. ಮೂರು ವರ್ಷಗಳ ಅಂತರವು ನಾಲ್ಕು ದಶಕಗಳಾಚೆಯಿಂದ ನೋಡುವ ಕಣ್ಣಿಗೆ ಅಂತರವೇ ಅಲ್ಲ. ಅದರ ಮೇಲೆ, ವೆಂಬ್ಲಿಯ ಪಂದ್ಯದ ಚಲಚ್ಚಿತ್ರದ ತುಣುಕುಗಳು ಈಗ ಅಂತರ್ಜಾಲದಲ್ಲಿ ಯಾರಿಗಾದರೂ ದೊರೆಯುತ್ತವೆ. ಮೊಮ್ಮಕ್ಕಳ ಫೋನಿನಲ್ಲಿ ಕಂಡ ಚಿತ್ರವು ಹಿಂದಕ್ಕೆ ಸರಿದು ಪಕ್ಕದ ಮನೆಯ ಟೀವಿಯೊಳಗೆ ಕುಳಿತಿರುವುದು ಅಸಂಭವವಲ್ಲ.

ಇಂಥ ಸಂಗತಿ ಬ್ಯಾಡ್ಮಿಂಟನ್ನಿಗೆ ಮಾತ್ರ ಮೀಸಲಾದುದೂ ಅಲ್ಲ. ಅದೇ ವಿಶ್ವಕಪ್ಪಿನಲ್ಲಿ, 1983ರ ಜೂನ್ 18ರಂದು, ಟನ್‌ಬ್ರಿಜ್ ವೆಲ್ಸ್ ಎಂಬ ಊರಿನಲ್ಲಿ ಭಾರತವು 17 ಓಟಗಳಿಗೆ ಐದು ವಿಕೆಟ್ಟುಗಳನ್ನು ಕಳೆದುಕೊಂಡಿದ್ದಾಗ ಕಪಿಲದೇವರು ಔಟಾಗದೆ 175 ಓಟಗಳನ್ನು ಗಳಿಸಿದರು. ಒಂಬತ್ತನೆಯ ವಿಕೆಟ್ಟಿಗೆ ಅವರೊಡನೆ ನಿಂತು ಮುರಿಯದ 126 ಓಟಗಳ ಜೊತೆಯಾಟವನ್ನು ಕೊಟ್ಟವರು ನಮ್ಮ ಕಿರ್ಮಾನಿಯವರೇ. ಆ ಪಂದ್ಯವನ್ನು ಟೆಲಿವಿಷನ್ ಕ್ಯಾಮರಾಗಳು ಚಿತ್ರೀಕರಿಸಲೇ ಇಲ್ಲ. ಆದರೂ ಅದನ್ನು ಕಂಡೆವೆನ್ನುವವರಿಗೆ ಬರವಿಲ್ಲ. 2021ರಲ್ಲಿ ಬಿಡುಗಡೆಯಾದ '83' ಎಂಬ ಹಿಂದಿ ಚಲಚ್ಚಿತ್ರವು ಆ ಇನಿಂಗ್ಸನ್ನು ನಟರಿಂದ ಆಡಿಸಿ ತೋರಿಸಿದ ಮೇಲಂತೂ ಇಂಥವರ ಸಂಖ್ಯೆ ಕಡಿಮೆಯಾಗಲಾರದು. ಅದೇ ಚಿತ್ರದಲ್ಲಿ ಕಪಿಲದೇವರ ಪತ್ನಿಯ ಪಾತ್ರವನ್ನು ವಹಿಸಿದವರು ಪ್ರಕಾಶರ ಪುತ್ರಿ ದೀಪಿಕಾ ಪಡುಕೋಣೆಯವರು. ತಂದೆಯ ಗೆಲುವಿಗೆ ದೊರೆಯದೆಹೋದ ತೆರೆಯು, ಮಗಳ ಮೂಲಕ, ಇನ್ನೊಬ್ಬರ ಗೆಲುವಿಗೆ ದೊರೆತಂತಾಯಿತು. ಇದು ಬರಿಯ ಕಾಕತಾಳೀಯ. ಇದರಿಂದ ನಾವು ಯಾವ ಸಿದ್ಧಾಂತವನ್ನೂ ಕಟ್ಟಹೊರಟಿಲ್ಲ.

ಇರಲಿ. ನೆನಪು ತಪ್ಪಿದರೆ ತಪ್ಪಲಿ, ಅದರಿಂದ ಯಾರಿಗೇನು ಹಾನಿ ಎಂದು ವಾಚಕರು ಕೇಳಬಹುದು. ಹಾನಿಯುಂಟೆಂದೇ ನಾವು ಭಾವಿಸುತ್ತೇವೆ. ಪಕ್ಕದ ಮನೆಯ ಟೀವಿಯ ಕಥೆಯಲ್ಲಿ ಮಲ್ಲೇಶ್ವರವು ಪ್ರೇಕ್ಷಕನಾಗಿ ಕುಳಿತಿದೆ. ಘಟನೆಯು ಲಂಡನ್ನಿನಲ್ಲಿ ನಡೆಯಿತು, ನಾವು ಇಲ್ಲಿಂದ ನೋಡಿದೆವು ಎಂಬಷ್ಟಕ್ಕೆ ಕಥೆ ಮುಗಿಯುತ್ತದೆ. ವಾಸ್ತವವಾಗಿ ಆ ಗೆಲುವಿನಲ್ಲಿ ಮಲ್ಲೇಶ್ವರದ ಪಾಲು ಪ್ರೇಕ್ಷಕನದಾಗಿರಲಿಲ್ಲ. ಆ ಆಟವು ಇಲ್ಲಿಯೇ, ಒಂದು ಮದುವೆಯ ಹಾಲಿನಲ್ಲಿ ರೂಪುಗೊಂಡಿತು.

ಇದನ್ನು ತಿಳಿಯಲು ಬ್ಯಾಡ್ಮಿಂಟನ್ನಿನ ಉಪಕರಣವನ್ನು ಕುರಿತು ಎರಡು ಮಾತು ಅಗತ್ಯ. ಹಳೆಯ ಮೈಸೂರು ಸೀಮೆಯಲ್ಲಿ ಬ್ಯಾಡ್ಮಿಂಟನ್ ಎಂದರೆ ಮೊದಲು ನೆನಪಾಗುತ್ತಿದ್ದುದು ಉಣ್ಣೆಯ ಚೆಂಡಿನಿಂದ ಐದೈದು ಜನ ಆಡುವ ಬಾಲ್ ಬ್ಯಾಡ್ಮಿಂಟನ್. ಅದಕ್ಕೆ ಬಯಲಿದ್ದರೆ ಸಾಕು. ಶಾಲೆಯ ಅಂಗಳದಲ್ಲಿ, ಖಾಲಿ ನಿವೇಶನದಲ್ಲಿ ಎರಡು ಕಂಬ ನೆಟ್ಟು ಬಲೆ ಕಟ್ಟಿದರೆ ಆಟ ನಡೆಯುತ್ತಿತ್ತು. ಷಟಲ್ ಬ್ಯಾಡ್ಮಿಂಟನ್ ಹಾಗಲ್ಲ. ಹದಿನಾರು ಗರಿಗಳ, ಐದು ಗ್ರಾಮಿನಷ್ಟು ತೂಕದ ಷಟಲ್ ಕಾಕು ಸಣ್ಣ ಗಾಳಿಗೂ ದಾರಿ ತಪ್ಪುತ್ತದೆ. ಆದಕಾರಣ ಆಟವನ್ನು ಗಂಭೀರವಾಗಿ ಕಲಿಯಬೇಕಾದರೆ ಮೇಲೆ ಸೂರು ಬೇಕು, ಸುತ್ತ ಗೋಡೆ ಬೇಕು, 44 ಅಡಿ ಉದ್ದ 20 ಅಡಿ ಅಗಲದ ಅಂಕಣದ ನಡುವೆ ಕಂಬವಿರಕೂಡದು, ಚಾವಣಿ ಎತ್ತರವಾಗಿರಬೇಕು. 1898ರ ಪ್ಲೇಗಿನ ತರುವಾಯ ಬೆಳೆದ ಈ ಬಡಾವಣೆಯಲ್ಲಿ ಮನೆಗಳಿದ್ದುವು, ಗುಡಿಗಳಿದ್ದುವು, ಶಾಲೆಗಳಿದ್ದುವು. ಒಳಾಂಗಣ ಕ್ರೀಡಾಮಂದಿರ ಎಲ್ಲಿಂದ ಬರಬೇಕು? ಮೇಲೆ ಹೇಳಿದ ಲಕ್ಷಣಗಳೆಲ್ಲ ಒಂದೆಡೆ ಕೂಡುವ ಕಟ್ಟಡವು ನಮ್ಮ ಸಮಾಜದಲ್ಲಿ ಒಂದೇ ಬಗೆಯದು: ನೂರಾರು ಜನ ಕುಳಿತು ಧಾರೆಯನ್ನು ನೋಡಬೇಕಾದ ಮದುವೆಯ ಹಾಲು.

ಮಲ್ಲೇಶ್ವರದ ಕೆನರಾ ಯೂನಿಯನ್ ಎಂಬುದು ಕರಾವಳಿಯ ಕೆನರಾ ಜಿಲ್ಲೆಗಳಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ, ಕೊಂಕಣಿ ಮನೆಮಾತಿನ ಸಾರಸ್ವತ ಕುಟುಂಬಗಳು ಕಟ್ಟಿಕೊಂಡ ಸಂಘ. ಪಡುಕೋಣೆ ಎಂಬುದು ಕುಂದಾಪುರದ ಕಡೆಯ ಒಂದು ಗ್ರಾಮದ ಹೆಸರು. ಪ್ರಕಾಶರ ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳಾಗಿ ಹಲವು ವರ್ಷ ದುಡಿದವರು. 1955ರಲ್ಲಿ ಜನಿಸಿದ ಪ್ರಕಾಶರು ಕೆನರಾ ಯೂನಿಯನ್ನಿನ ಹಾಲಿನಲ್ಲಿ ಆಟವನ್ನು ಕಲಿತರು. 1962ರಲ್ಲಿ, ಏಳರ ವಯಸ್ಸಿನಲ್ಲಿ, ರಾಜ್ಯದ ಕಿರಿಯರ ಪಂದ್ಯಾವಳಿಗೆ ಇಳಿದು ಮೊದಲ ಸುತ್ತಿನಲ್ಲಿಯೇ ಸೋತರು. ಎರಡು ವರ್ಷಗಳ ಮೇಲೆ ಅದನ್ನು ಗೆದ್ದರು. 1971ರಲ್ಲಿ ಕಿರಿಯರ ಮತ್ತು ಹಿರಿಯರ ರಾಷ್ಟ್ರೀಯ ಪ್ರಶಸ್ತಿಗಳೆರಡೂ ಅವರವಾದುವು. ಹಿರಿಯರ ಪ್ರಶಸ್ತಿಯು ಅಲ್ಲಿಂದ 1979ರವರೆಗೆ ಅವರ ಕೈಬಿಡಲಿಲ್ಲ. 1978ರಲ್ಲಿ ಎಡ್ಮಂಟನ್ ನಗರದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನದ ಪದಕ ಬಂದಿತು. 1980ರ ಗೆಲುವಿನ ತರುವಾಯ ಅವರು ಡೆನ್ಮಾರ್ಕಿಗೆ ತೆರಳಿ, ಅಲ್ಲಿನ ಕ್ಲಬ್ಬೊಂದಕ್ಕೆ ಆಡುತ್ತ ಅಭ್ಯಾಸವನ್ನು ಮುಂದುವರಿಸಿದರು. ಹೀಗೆ, ಮಲ್ಲೇಶ್ವರದ ಹೆಂಚಿನ ಮಾಡುಗಳ ಮೇಲೆ ಆಂಟೆನಾಗಳು ಏಳುವ ಹೊತ್ತಿಗೆ ಮಲ್ಲೇಶ್ವರದ ಆಟಗಾರನು ಯೂರೋಪಿನಲ್ಲಿದ್ದನು. ಹಾಲಿನ ಬಾಗಿಲಲ್ಲಿ ನಿಂತು ಅವನ ಆಟವನ್ನು ಕಣ್ಣಾರೆ ಕಂಡವರಿದ್ದಾರೆ. ಅವರು ಕಂಡುದು ಅರುವತ್ತರ ಮತ್ತು ಎಪ್ಪತ್ತರ ದಶಕಗಳಲ್ಲಿ. ಆ ನಿಜವಾದ ಕಾಣ್ಕೆಯನ್ನು ಟೀವಿಯ ಸುಳ್ಳು ಕಾಣ್ಕೆಯು ಮುಚ್ಚಿಹಾಕುತ್ತಿರುವುದೇ ನಮ್ಮ ಆಕ್ಷೇಪಕ್ಕೆ ಕಾರಣ.

ಮದುವೆಯ ಹಾಲಿನ ವಿಚಾರವನ್ನು ಪ್ರಕಾಶರೇ ತಮ್ಮ ಹೆಣ್ಣುಮಕ್ಕಳಿಗೆ ಬರೆದ ಪತ್ರವೊಂದರಲ್ಲಿ ಹೇಳಿದ್ದಾರೆ. 2016ರಲ್ಲಿ ಪ್ರಶಸ್ತಿ ಸಮಾರಂಭವೊಂದರಲ್ಲಿ ಅವರ ಮಗಳು ಅದನ್ನು ಓದಿದ ಮೇಲೆ ಅದು ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಹಾಲಿನಲ್ಲಿ ಸಮಾರಂಭವೇನಾದರೂ ಇದೆಯೇ ಎಂದು ದಿನವೂ ಕಾದು ನೋಡಿ, ಇಲ್ಲವೆಂದಾದರೆ ಶಾಲೆ ಬಿಟ್ಟೊಡನೆ ಓಡಿಹೋಗಿ ಆಡುತ್ತಿದ್ದೆವೆಂಬುದು ಅದರ ತಾತ್ಪರ್ಯ. ಪತ್ರದ ಪ್ರಚಲಿತ ಪಾಠದಲ್ಲಿ ಆ ಸಂಘದ ಹೆಸರಿಗೆ 'ಬ್ಯಾಂಕ್' ಎಂಬ ಮಾತೊಂದು ಅಂಟಿಕೊಂಡಿದೆ. ಕೆನರಾ ಬ್ಯಾಂಕ್ ಬೇರೆ, ಕೆನರಾ ಯೂನಿಯನ್ ಬೇರೆ. ಎಲ್ಲಿಯೋ ಆದ ಈ ಕೈತಪ್ಪು ಮರುಮುದ್ರಣಗಳಲ್ಲಿ ಹಾಗೆಯೇ ಮುಂದುವರಿಯುತ್ತಿದೆ. ಪಾಠಾಂತರಗಳು ಹಳಗನ್ನಡದ ಓಲೆಗರಿಗಳಿಗೆ ಮಾತ್ರ ಸಂಬಂಧಿಸಿದುವೆಂದು ಭಾವಿಸುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

1980ರ ಮಾರ್ಚಿನಲ್ಲಿ ಸುದ್ದಿಯು ಮಲ್ಲೇಶ್ವರಕ್ಕೆ ಬಂದ ಬಗೆಯಾದರೋ ಕಿವಿಯ ಮೂಲಕ, ಆಮೇಲೆ ಅಚ್ಚಿನ ಮೂಲಕ. ಆಕಾಶವಾಣಿಯ ಬೆಂಗಳೂರು ಕೇಂದ್ರವು 1955ರ ನವೆಂಬರಿನಿಂದ ಇಲ್ಲಿ ಕೆಲಸ ಮಾಡುತ್ತಿತ್ತು. ಮನೆಗಳಲ್ಲಿ ರೇಡಿಯೋ ಹೇರಳವಾಗಿತ್ತು. ನಗರದ ಪತ್ರಿಕೆಗಳು ವಿವರವನ್ನೂ ಚಿತ್ರವನ್ನೂ ತಂದುವು. ಅಂಕವನ್ನು ಕೇಳಿ, ಆಟವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು ಆ ಪೀಳಿಗೆಯವರಿಗೆ ರೂಢಿಯಾಗಿದ್ದ ವಿದ್ಯೆ. 1973-74ರ ರಣಜಿ ಪಂದ್ಯದಲ್ಲಿ ಪ್ರಸನ್ನರ ಚೆಂಡು ಗಾವಸ್ಕರರನ್ನು ಬೌಲ್ಡ್ ಮಾಡಿದುದನ್ನು ಮೈದಾನದಲ್ಲಿದ್ದವರಷ್ಟೇ ಸ್ಪಷ್ಟವಾಗಿ ಮೈದಾನಕ್ಕೆ ಹೋಗದವರೂ ಬಣ್ಣಿಸಬಲ್ಲರು. ಪ್ರಕಾಶರ ಆಟವನ್ನು ಹಾಲಿನಲ್ಲಿ ಕಂಡಿದ್ದವನಿಗೆ 15-3 ಎಂಬ ಸುದ್ದಿಯೊಂದೇ ಸಾಕಾಗಿತ್ತು. ಬಲೆಯಂಚಿನ ಆ ಮಿದುವಾದ ತಟ್ಟು, ಕಡೆಯ ಗಳಿಗೆಯಲ್ಲಿ ತಿರುಗುವ ಮಣಿಕಟ್ಟು ಅವನ ಕಣ್ಣೆದುರಿಗೆ ತಾವಾಗಿಯೇ ಬಂದಿರಬೇಕು. ಅವನು ಕಂಡುದೂ ಒಂದು ಬಗೆಯ ಚಿತ್ರವೇ. ಅದನ್ನು ಇಂದು ಹೇಳಬೇಕಾದಾಗ ಅವನಿಗೆ 'ಟೀವಿಯಲ್ಲಿ ನೋಡಿದೆ' ಎಂಬುದಕ್ಕಿಂತ ಬೇರೆ ಮಾತು ದೊರೆಯುತ್ತಿಲ್ಲವೆಂದು ಅರ್ಥಮಾಡಿದರೆ ಹೆಚ್ಚು ನ್ಯಾಯವಾದೀತು.

ಟೆಲಿವಿಷನ್ನು ಒಂದೂವರೆ ವರ್ಷ ಮುಂಚೆ ಬಂದಿದ್ದರೆ ನಮ್ಮ ಮಕ್ಕಳು ಕ್ರಿಕೆಟ್ಟನ್ನು ಬಿಟ್ಟು ಷಟಲ್ಲಿನ ಹಿಂದೆ ಹೋಗುತ್ತಿದ್ದರೆಂದು ಹೇಳುವವರೂ ಉಂಟು. ನಮಗೆ ಅಷ್ಟು ಧೈರ್ಯವಿಲ್ಲ. ಬಯಲು, ಖರ್ಚು, ಶಾಲೆಗಳ ಒಲವು ಇವೆಲ್ಲ ಕ್ರಿಕೆಟ್ಟಿನ ಪರವಾಗಿದ್ದುವು. ಆದರೆ ಚಿತ್ರ ದೊರೆತ ಗೆಲುವು ಬೆಳೆಯುತ್ತ ಹೋಗುತ್ತದೆ, ಚಿತ್ರ ದೊರೆಯದ ಗೆಲುವು ಚಿತ್ರವನ್ನು ಎರವಲು ಬೇಡುತ್ತದೆ ಎಂಬಷ್ಟನ್ನು ಈ ಎರಡು ಉದಾಹರಣೆಗಳಿಂದ ಹೇಳಬಹುದು.

ಈ ವಿಷಯದಲ್ಲಿ ಕೆಲಸ ಮಾಡಬಯಸುವ ವಿದ್ಯಾರ್ಥಿಗಳಿಗೆ ಆಕರಗಳ ಕೊರತೆಯಿಲ್ಲ. ಕಾಲಾವಕಾಶದ ಕೊರತೆಯುಂಟು, ಏಕೆಂದರೆ ಹಾಲಿನ ಆಟವನ್ನು ಕಂಡವರು ಈಗ ಎಪ್ಪತ್ತು ಎಂಬತ್ತರ ವಯಸ್ಸಿನವರು. ಅವರನ್ನು ಮಾತನಾಡಿಸುವಾಗ 'ಪಂದ್ಯವನ್ನು ನೋಡಿದಿರಾ?' ಎಂದು ಆರಂಭಿಸಬಾರದು. ಪೆಟ್ಟಿಗೆ ಯಾರ ಮನೆಯದು, ಚಿತ್ರವು ಬಣ್ಣದ್ದೇ ಕಪ್ಪು ಬಿಳುಪಿನದೇ, ಪಕ್ಕದಲ್ಲಿ ಯಾರಿದ್ದರು, ಆ ವರ್ಷ ಮನೆಯಲ್ಲಿ ಹುಟ್ಟಿದ ಮಗು ಯಾವುದು ಎಂದು ವಿಚಾರಿಸುತ್ತ ಹೋದರೆ ಬಣ್ಣವೇ ಕಾಲವನ್ನು ಹೇಳಿಬಿಡುತ್ತದೆ. ಎಂಬತ್ತರ ದಶಕದ ನಡುವಿನವರೆಗೆ ರೇಡಿಯೋ, ಟೆಲಿವಿಷನ್ನುಗಳಿಗೆ ಅಂಚೆ ಕಚೇರಿಯಲ್ಲಿ ಲೈಸೆನ್ಸು ಶುಲ್ಕವನ್ನು ಕಟ್ಟಬೇಕಾಗಿತ್ತು. ಆ ಲೈಸೆನ್ಸು ಪುಸ್ತಕಗಳು ಹಳೆಯ ಮನೆಗಳ ಟ್ರಂಕುಗಳಲ್ಲಿ ಇನ್ನೂ ಇವೆ, ಪೆಟ್ಟಿಗೆ ಮನೆಗೆ ಬಂದ ವರ್ಷವನ್ನು ಅವು ನಿರ್ವಿವಾದವಾಗಿ ತಿಳಿಸುತ್ತವೆ.

ಹಾಲಿನ ಆಟದ ವಿಷಯದಲ್ಲಿ ನಾವು ಸೂಚಿಸುವ ಆಕರವು ಇನ್ನೂ ಸುಲಭವಾದುದು: ಹಳೆಯ ಪಂಚಾಂಗ. ಮದುವೆಯಿದ್ದ ದಿನ ಆಟವಿಲ್ಲವಾದುದರಿಂದ, ಯಾವ ದಿನ ಆಟವಿರಲಿಲ್ಲವೆಂಬುದನ್ನು ಆಯಾ ಸಂವತ್ಸರದ ವಿವಾಹ ಮುಹೂರ್ತಗಳ ಪಟ್ಟಿಯಿಂದಲೇ ಬಹುಮಟ್ಟಿಗೆ ಊಹಿಸಬಹುದು. ವೈಶಾಖ, ಜ್ಯೇಷ್ಠಗಳು ಲಗ್ನದ ಮಾಸಗಳು. ಶಾಲೆಗೆ ಬೇಸಗೆಯ ರಜೆಯೂ ಆಗಲೇ. ಹುಡುಗರಿಗೆ ಇಡೀ ದಿನ ಬಿಡುವಿದ್ದಾಗ ಹಾಲಿನಲ್ಲಿ ಚಪ್ಪರ, ಓಲಗ, ಊಟದ ಪಂಕ್ತಿ. ಆಷಾಢ ಹುಟ್ಟಿದೊಡನೆ ಮದುವೆಗಳು ನಿಲ್ಲುತ್ತವೆ. ಶಾಲೆ ತೆರೆದಿರುತ್ತದೆ, ಹೊರಗೆ ಮಳೆಗಾಳಿ, ಬಾಲ್ ಬ್ಯಾಡ್ಮಿಂಟನ್ನಿನ ಬಯಲುಗಳೆಲ್ಲ ಕೆಸರು. ಹಾಲು ಮಾತ್ರ ಸಂಜೆಯ ಮೇಲೆ ಸಂಜೆ ಖಾಲಿ. ಪಿತೃಪಕ್ಷದಲ್ಲಿಯೂ, ಧನುರ್ಮಾಸದಲ್ಲಿಯೂ ಹಾಗೆಯೇ. 1962ರಿಂದ 1971ರವರೆಗಿನ ಪಂಚಾಂಗಗಳನ್ನು ಮುಂದಿಟ್ಟುಕೊಂಡು ಈ ದಿನಗಳನ್ನು ಲೆಕ್ಕಹಾಕಿ, ಹಾಲಿನಲ್ಲಿ ಆಡಿದವರ ಹೇಳಿಕೆಗಳೊಡನೆ ಹೋಲಿಸಿ ನೋಡುವ ಕೆಲಸವನ್ನು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನು ಒಂದು ಅವಧಿಯಲ್ಲಿ ಮಾಡಿ ಮುಗಿಸಬಹುದು. ಪಂಚಾಂಗಗಳು ಚಿಕ್ಕಪೇಟೆಯ ಹಳೆಯ ಪುಸ್ತಕದಂಗಡಿಗಳಿಗಿಂತ ಪುರೋಹಿತರ ಮನೆಗಳಲ್ಲಿ ಹೆಚ್ಚು ಸುಲಭವಾಗಿ ದೊರೆಯುತ್ತವೆ.